ಕಡಲ ವಿಂಡ್ ಫಾರ್ಮ್‌ಗಳು ಮತ್ತು ತಳದ ಮೀನುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುತ್ತಾರೆ ಅಂದಾಗ ಜನ ಹಕ್ಕಿಗಳ ಬಗ್ಗೆ ಕೇಳುತ್ತಾರೆ, ತಿಮಿಂಗಿಲಗಳ ಬಗ್ಗೆ ಕೇಳುತ್ತಾರೆ. ತಳದ ಮೀನುಗಳನ್ನು ನೆನೆಯುವವರು ಕಡಿಮೆ. ಆದರೆ ಕಂಬ ಇಳಿಯುವುದು ಅವುಗಳ ಮನೆಯೊಳಗೇ. 1991ರಲ್ಲಿ ಡೆನ್ಮಾರ್ಕ್‌ನ ವಿಂಡೆಬಿಯಲ್ಲಿ ಮೊದಲ ಕಡಲ ವಿಂಡ್ ಫಾರ್ಮ್ ಶುರುವಾಯಿತು. ಅಲ್ಲಿಂದ ಈಚೆಗೆ ಸಾಕಷ್ಟು ಅಧ್ಯಯನ ನಡೆದಿದೆ. ಅದರಿಂದ ತಿಳಿದದ್ದನ್ನು ಇಲ್ಲಿ ಪ್ರಶ್ನೋತ್ತರವಾಗಿ ಬರೆದಿದ್ದೇನೆ. ಇದು ಕಡಲನ್ನೂ ಗಾಳಿ ವಿದ್ಯುತ್ತನ್ನೂ ಎರಡನ್ನೂ ಬೇಕೆನ್ನುವವರಿಗಾಗಿ.

ತಳದ ಮೀನು ಅಂದ್ರೆ ಯಾವುವು?

ತಳಕ್ಕೆ ಅಂಟಿಕೊಂಡು, ಇಲ್ಲವೇ ತಳದ ಹತ್ತಿರವೇ ತಿರುಗಾಡಿಕೊಂಡು ಬದುಕುವ ಮೀನುಗಳು. ನಂಗು ಮೀನಿನ ಥರದ ಚಪ್ಪಟೆ ಮೀನುಗಳು, ತೊರಕೆಗಳು, ತಂಪು ಕಡಲಿನ ಕಾಡ್ ಮತ್ತು ಹ್ಯಾಡಕ್ ಮೀನುಗಳು, ಮರಳಲ್ಲಿ ಹೂತುಕೊಂಡು ಮಲಗುವ ಸ್ಯಾಂಡ್ ಈಲ್, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಮೀನು ಅಲ್ಲದಿದ್ದರೂ ಏಡಿ ಮತ್ತು ಲಾಬ್‌ಸ್ಟರ್‌ಗಳನ್ನು ಇವುಗಳ ಜೊತೆಗೇ ನೋಡಬೇಕು. ತಿನ್ನುವ ಹುಳ, ಅಡಗುವ ಜಾಗ, ಮೊಟ್ಟೆ ಇಡುವ ನೆಲ ಎಲ್ಲವೂ ಇವಕ್ಕೆ ತಳದಲ್ಲೇ ಸಿಗಬೇಕು. ನೆಲ ಬದಲಾದರೆ ಬದುಕು ಬದಲಾಗುತ್ತದೆ.

ಟರ್ಬೈನ್‌ಗಳಿಗೆ ತಳದ ಎಷ್ಟು ಜಾಗ ಹೋಗುತ್ತದೆ?

ಲೆಕ್ಕದಲ್ಲಿ ತೀರಾ ಕಡಿಮೆ. ಕಂಬಗಳು ಮತ್ತು ಅವುಗಳ ಬುಡಕ್ಕೆ ಸುರಿಯುವ ಕಲ್ಲು ಸೇರಿ ವಿಂಡ್ ಫಾರ್ಮ್‌ನ ಒಟ್ಟು ಜಾಗದಲ್ಲಿ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಇರುತ್ತವೆ. ಒಂದು ಟರ್ಬೈನ್‌ಗೂ ಇನ್ನೊಂದಕ್ಕೂ ನಡುವೆ ಬಹಳ ಅಂತರ ಬಿಡಬೇಕಾಗುತ್ತದೆ. ಹತ್ತಿರ ನಿಲ್ಲಿಸಿದರೆ ಒಂದರ ಗಾಳಿಯನ್ನು ಇನ್ನೊಂದು ಕಸಿಯುತ್ತದೆ.

ಆದರೆ ಈ ಅಂಕಿ ನೋಡಿ ಸಮಾಧಾನಪಟ್ಟುಕೊಂಡು ಸುಮ್ನೆ ಕೂರುವುದು ನನಗೆ ಸರಿ ಕಾಣುವುದಿಲ್ಲ. ಆ ಶೇ. 1 ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ. ವಿಶಾಲ ಮರಳು ಬಯಲಲ್ಲಿ ಬಿದ್ದರೆ ಒಂದು ಮಾತು, ಹೆರಿಂಗ್ ಅನ್ನುವ ಮೀನು ಮೊಟ್ಟೆ ಇಡುವ ಸಣ್ಣ ಜಲ್ಲಿ ಪಟ್ಟಿಯ ಮೇಲೆ ಬಿದ್ದರೆ ಬೇರೆಯೇ ಮಾತು.

ಕಂಬದ ಬುಡಕ್ಕೆ ಕಲ್ಲು ಯಾಕೆ ಸುರಿಯುತ್ತಾರೆ?

ಮರಳಲ್ಲಿ ಕಂಬ ನೆಟ್ಟರೆ ಹರಿವ ನೀರು ಅದರ ಸುತ್ತ ಸುಳಿಯಾಗಿ ಬುಡದ ಮರಳನ್ನು ಕೊರೆದು ಒಯ್ಯುತ್ತದೆ. ಹೀಗೆ ಬೀಳುವ ಗುಂಡಿ ಕಂಬದ ವ್ಯಾಸಕ್ಕಿಂತಲೂ ಆಳವಾಗಬಹುದು. ಅದನ್ನು ತಡೆಯಲು ಕಲ್ಲು ಹಾಸುತ್ತಾರೆ. ಬರೀ ಮರಳಿದ್ದ ಕಡೆ ಹೀಗೆ ಗಟ್ಟಿ ನೆಲದ ಒಂದು ದ್ವೀಪ ಹುಟ್ಟಿಕೊಳ್ಳುತ್ತದೆ. ತಳದ ಮೀನುಗಳ ವಿಷಯದಲ್ಲಿ ಮುಂದೆ ನಡೆಯುವ ಬಹುಪಾಲು ಬದಲಾವಣೆಗೆ ಮೂಲ ಈ ಕಲ್ಲು ಮತ್ತು ಕಂಬ.

ನೀರೊಳಗಿನ ಕಂಬದ ಮೇಲೆ ಏನು ಬೆಳೆಯುತ್ತದೆ?

ಯುರೋಪಿನ ಉತ್ತರ ಸಮುದ್ರದ ಒಂದು ಹಳೆಯ ಕಂಬವನ್ನು ಮೇಲಿಂದ ಕೆಳಕ್ಕೆ ನೋಡುತ್ತಾ ಹೋಗೋಣ. ಅಲೆ ಬಡಿಯುವ ಮಟ್ಟದಲ್ಲಿ ಹಸಿರು ಪಾಚಿ ಮತ್ತು ಗಟ್ಟಿ ಚಿಪ್ಪಿನೊಳಗೆ ಅಂಟಿಕೊಂಡು ಬದುಕುವ ಬಾರ್ನಕಲ್‌ಗಳು. ಅದರ ಕೆಳಗೆ ಕೆಲವು ಮೀಟರ್‌ವರೆಗೆ ಕಪ್ಪು ನೀಲಿ ಮಸೆಲ್ ಚಿಪ್ಪಿಗಳ ದಪ್ಪ ಪದರ. ಒಂದರ ಮೇಲೊಂದು ಹತ್ತಿಕೊಂಡು, ನಾರಿನಂಥ ಎಳೆಗಳಿಂದ ಕಚ್ಚಿಕೊಂಡಿರುತ್ತವೆ. ಇನ್ನೂ ಕೆಳಗೆ ಹೋದರೆ ಕಂಬಕ್ಕೆ ಕೆಸರು ಮೆತ್ತಿದ ಹಾಗೆ ಕಾಣುತ್ತದೆ. ಅದು ಬರೀ ಕೆಸರಲ್ಲ. ಜಾಸ್ಸಾ ಅನ್ನುವ ಸೀಗಡಿಯ ದೂರದ ಸಂಬಂಧಿಗಳು ಕಟ್ಟಿಕೊಂಡ ಕೊಳವೆಗಳು. ಪ್ರತಿ ಕೊಳವೆಯಲ್ಲೂ ಅಕ್ಕಿಕಾಳಿನಷ್ಟೇ ಇರುವ ಒಂದು ಜೀವಿ ಕೂತು, ಹರಿದು ಬರುವ ನೀರಿನಿಂದ ಆಹಾರ ಹಿಡಿಯುತ್ತಿರುತ್ತದೆ. ಬುಡದ ಹತ್ತಿರ ಬಿಳಿ ಮತ್ತು ಕಿತ್ತಳೆ ಬಣ್ಣದ ಕಡಲ ಅನಿಮೋನ್‌ಗಳು. ಕಲ್ಲುಗಳ ಸಂದಿಯಲ್ಲಿ ಏಡಿಗಳು.

ತೂಕ ಕೇಳಿದರೆ ಆಶ್ಚರ್ಯವಾಗುತ್ತದೆ. ಜರ್ಮನಿಯ ಕಡಲಿನ ಫಿನೋ 1 ಅನ್ನುವ ಸಂಶೋಧನಾ ಕಟ್ಟೆಯ ಕಾಲುಗಳ ಮೇಲೆ ಸರಾಸರಿ 4 ಟನ್‌ಗೂ ಹೆಚ್ಚು ಜೀವಿಗಳು ಬೆಳೆದಿದ್ದವು. ಕಾಡ್ ಮತ್ತು ಪೌಟಿಂಗ್ ಮೀನುಗಳಿಗೆ ಆ ಜಾಸ್ಸಾ ಅಂದ್ರೆ ಬಾಯಿಗೇ ಬಂದ ಊಟ.

ಇದರ ಇನ್ನೊಂದು ಮುಖವೂ ಇದೆ. ಇಷ್ಟು ಜೀವಿಗಳು ತಿಂದರೆ ಹಿಕ್ಕೆ ಹಾಕುತ್ತವೆ, ಸಾಯುತ್ತವೆ, ಚಿಪ್ಪು ಉದುರುತ್ತದೆ. ಎಲ್ಲವೂ ಬಂದು ಬೀಳುವುದು ತಳಕ್ಕೆ. ಬೆಲ್ಜಿಯಂನ ಥಾರ್ನ್‌ಟನ್ ಬ್ಯಾಂಕ್ ವಿಂಡ್ ಫಾರ್ಮ್‌ನಲ್ಲಿ ಕಂಬಕ್ಕೆ ಹತ್ತಿರವಾದಷ್ಟೂ ಮರಳು ನಯವಾಗಿ, ಸಾವಯವ ಅಂಶ ಜಾಸ್ತಿಯಾಗಿ, ಅಲ್ಲಿನ ಹುಳಗಳ ಜಾತಿಯೇ ಬದಲಾಗಿದ್ದು ಕಂಡುಬಂದಿದೆ. ಅಮೆರಿಕದ ಬ್ಲಾಕ್ ಐಲ್ಯಾಂಡ್ ವಿಂಡ್ ಫಾರ್ಮ್‌ನಲ್ಲಿ ಕೆಲವೇ ವರ್ಷಗಳಲ್ಲಿ ಟರ್ಬೈನ್ ಕಾಲುಗಳ ಕೆಳಗಿನ ಮರಳು ಮಸೆಲ್ ರಾಶಿಯ ಅಡಿಗೆ ಸೇರಿತು. ಅಂದರೆ ಬದಲಾವಣೆ ಕಲ್ಲಿನ ಅಂಚಿಗೇ ನಿಲ್ಲುವುದಿಲ್ಲ, ಅದರಾಚೆಗೂ ಹರಡುತ್ತದೆ.

ಹಾಗಾದರೆ ಮೀನು ಹೆಚ್ಚುತ್ತದೆ ಅಲ್ವಾ?

ಕಂಬದ ಹತ್ತಿರ ಹೆಚ್ಚುತ್ತದೆ. ಇದರಲ್ಲಿ ಅನುಮಾನ ಇಲ್ಲ. ಡೆನ್ಮಾರ್ಕ್‌ನ ಹಾರ್ನ್ಸ್ ರೆವ್ 1ರಲ್ಲಿ 80 ಟರ್ಬೈನ್‌ಗಳಿವೆ, 2002ರಲ್ಲಿ ಕಟ್ಟಿದ್ದು. ಕಟ್ಟುವ ಮೊದಲು ಒಮ್ಮೆ, ಏಳು ವರ್ಷ ಕಳೆದ ಮೇಲೆ ಮತ್ತೆ ಮೀನುಗಳನ್ನು ಎಣಿಸಿದರು. ಕಲ್ಲನ್ನು ಇಷ್ಟಪಡುವ ಮೀನುಗಳು ಕಂಬದ ಬಳಿ ಬಂದು ನೆಲೆಸಿದ್ದವು. ಮರಳಿನ ಮೀನುಗಳೂ ಜಾಗ ಬಿಟ್ಟು ಹೋಗಿರಲಿಲ್ಲ. ಬೆಲ್ಜಿಯಂನಲ್ಲಿ ಬೇಸಿಗೆ ಮತ್ತು ಶರತ್ಕಾಲದಲ್ಲಿ ಕಾಡ್‌ಗಳು ಕಂಬಗಳ ಸುತ್ತಲೇ ತಿಂಗಳುಗಟ್ಟಲೆ ಉಳಿಯುತ್ತವೆ, ಚಳಿಗಾಲಕ್ಕೆ ಹೊರಡುತ್ತವೆ. ಮೀನಿನ ದೇಹದಲ್ಲಿ ಸಣ್ಣ ಟ್ಯಾಗ್ ಇಟ್ಟು ಅವುಗಳ ಓಡಾಟ ನೋಡಿ ತಿಳಿದ ವಿಷಯ ಇದು.

ಆದರೆ ಕಂಬದ ಬಳಿ ನೂರು ಮೀನು ಕಂಡರೆ, ಕಡಲಲ್ಲಿ ನೂರು ಮೀನು ಹೊಸದಾಗಿ ಹುಟ್ಟಿವೆ ಅಂತ ಅರ್ಥವಲ್ಲ. ಅಕ್ಕಪಕ್ಕದ ಮೀನುಗಳು ಬಂದು ಗುಂಪಾಗಿರಬಹುದು. ಕೃತಕ ಬಂಡೆಗಳ ಬಗ್ಗೆ ದಶಕಗಳಿಂದ ನಡೆಯುತ್ತಿರುವ ಚರ್ಚೆ ಇದೇ. ಬರೀ ಗುಂಪುಗೂಡಿದ್ದರೆ ಅಪಾಯವೂ ಇದೆ. ಮೊದಲು ಹರಡಿಕೊಂಡಿದ್ದ ಮೀನು ಈಗ ಒಂದೇ ಕಡೆ ಸಿಗುತ್ತದೆ. ಹಿಡಿಯುವವರಿಗೆ ಸುಲಭ, ಮೀನಿಗೆ ಕಷ್ಟ.

ತೀರ್ಮಾನಕ್ಕೆ ಬರಲು ಮೀನಿನ ಹೊಟ್ಟೆ ನೋಡಬೇಕು, ಮೈ ತುಂಬಿದೆಯಾ ನೋಡಬೇಕು, ಬೆಳೆಯುವ ವೇಗ ನೋಡಬೇಕು. ಬೆಲ್ಜಿಯಂನಲ್ಲಿ ಹಾಗೆ ನೋಡಿದಾಗ ಪೌಟಿಂಗ್ ಮತ್ತು ಕಾಡ್‌ಗಳು ಕಂಬದ ಬಳಿ ಚೆನ್ನಾಗಿಯೇ ತಿನ್ನುತ್ತಿದ್ದವು. ಬೇರೆ ಕಡೆಯ ಮೀನುಗಳಿಗಿಂತ ಅವುಗಳ ಸ್ಥಿತಿ ಕೆಟ್ಟದಾಗಿರಲಿಲ್ಲ. ಬಂದ ಮೀನುಗಳು ಬಲೆಗೆ ಸಿಕ್ಕ ಹಾಗೆ ಕೆಟ್ಟ ಜಾಗದಲ್ಲಿ ಸಿಕ್ಕಿಕೊಂಡಿವೆ ಅನ್ನುವ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಇದು ಒಳ್ಳೆಯ ಸುದ್ದಿ. ಆದರೆ ಒಂದು ಕಂಬದ ಸುತ್ತಲಿನ ಒಳ್ಳೆಯ ಸುದ್ದಿಯನ್ನು ಇಡೀ ಕಡಲಿನ ಸುದ್ದಿ ಮಾಡಬಾರದು. ಪ್ರಚಾರದ ಬರಹಗಳಲ್ಲಿ ಹೀಗೆ ಮಾಡುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮರಳನ್ನೇ ನಂಬಿದ ಮೀನುಗಳ ಗತಿ?

ಒಂದೊಂದು ಮೀನಿನ ಕಥೆ ಒಂದೊಂದು ಥರ. ಚಪ್ಪಟೆ ಮೀನಾದ ಪ್ಲೇಸ್ ಕಲ್ಲು ಕಂಡರೆ ದೂರ ಹೋಗುತ್ತದೆ ಅಂತ ಅಂದಾಜಿತ್ತು. ಬೆಲ್ಜಿಯಂನಲ್ಲಿ ಮುಳುಗಿ ನೋಡಿದವರಿಗೆ ಕಂಡದ್ದು ಬೇರೆ. ಕಲ್ಲುಗಳ ನಡುವಿನ ಸಣ್ಣ ಮರಳು ತುಣುಕುಗಳಲ್ಲಿ ಪ್ಲೇಸ್‌ಗಳು ಜಾಸ್ತಿ ಇದ್ದವು. ಹಗಲಲ್ಲಿ ಕಲ್ಲಿನ ಹತ್ತಿರ ಬಂದು ಮೇಯುತ್ತವೆ, ರಾತ್ರಿ ಮರಳಿನ ಕಡೆ ಸರಿಯುತ್ತವೆ.

ಸ್ಯಾಂಡ್ ಈಲ್ ಹಾಗಲ್ಲ. ಅದಕ್ಕೆ ಸ್ವಲ್ಪ ದಪ್ಪ ಮರಳೇ ಬೇಕು. ಹೂತುಕೊಂಡಾಗ ಮರಳಿನ ಕಾಳುಗಳ ನಡುವೆ ಹರಿಯುವ ನೀರಿನಿಂದಲೇ ಅದು ಉಸಿರಾಡುತ್ತದೆ. ನಯವಾದ ಮಣ್ಣು ಸೇರಿಕೊಂಡರೆ ಆ ಸಂದಿಗಳು ಮುಚ್ಚಿಹೋಗುತ್ತವೆ. ಹಾರ್ನ್ಸ್ ರೆವ್‌ನಲ್ಲಿ ಸ್ಯಾಂಡ್ ಈಲ್‌ಗಳಿಗೆ ಕೇಡಾಗಿದ್ದು ಕಂಡುಬಂದಿಲ್ಲ, ಸರಿ. ಆದರೆ ಅನೇಕ ಕಡಲ ಹಕ್ಕಿಗಳು ಮರಿ ಸಾಕುವುದೇ ಈ ಮೀನಿನ ಮೇಲೆ. ಹಾಗಾಗಿ ಇದರ ಮರಳಿನ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದರೂ ಜಾಸ್ತಿಯಾಗುವುದಿಲ್ಲ.

ಕಂಬ ಹೊಡೆಯುವ ಸದ್ದು ಮೀನುಗಳಿಗೆ ಏನು ಮಾಡುತ್ತದೆ?

ಇಡೀ ಕೆಲಸದಲ್ಲಿ ಅತಿ ಒರಟು ಘಟ್ಟ ಇದು. ದೈತ್ಯ ಸುತ್ತಿಗೆಯಿಂದ ಉಕ್ಕಿನ ಕಂಬವನ್ನು ಗಂಟೆಗಟ್ಟಲೆ, ಸಾವಿರಾರು ಏಟು ಹೊಡೆದು ನೆಲಕ್ಕೆ ಇಳಿಸುತ್ತಾರೆ. ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಬಹಳ ದೂರ ಕೇಳಿಸುತ್ತದೆ.

ಎಲ್ಲ ಮೀನಿಗೂ ಒಂದೇ ಥರ ತಟ್ಟುವುದಿಲ್ಲ. ಕಾಡ್‌ನಂಥ ಮೀನಿನ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದೆ. ಸದ್ದಿನ ಒತ್ತಡ ಏರಿ ಇಳಿದಾಗ ಆ ಚೀಲ ಹಿಗ್ಗಿ ಕುಗ್ಗಿ ಅಕ್ಕಪಕ್ಕದ ಅಂಗಗಳಿಗೆ ಏಟು ಕೊಡಬಹುದು. ತೀರಾ ಹತ್ತಿರ ಇದ್ದರೆ ಸಾವೂ ಬರಬಹುದು. ಬೆಳೆದ ಚಪ್ಪಟೆ ಮೀನುಗಳಿಗೆ, ತೊರಕೆಗಳಿಗೆ ಈ ಚೀಲ ಇಲ್ಲ. ಆ ಮಟ್ಟಿಗೆ ಅವು ಬಚಾವ್. ಆದರೆ ಮೀನುಗಳು ಸದ್ದನ್ನು ಒತ್ತಡವಾಗಿ ಮಾತ್ರ ಅಲ್ಲ, ನೀರಿನ ಕಣಗಳ ಅಲುಗಾಟವಾಗಿಯೂ ಗ್ರಹಿಸುತ್ತವೆ. ಅದರ ಮೇಲೆ ನೆಲವೇ ಅದುರುತ್ತದೆ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಮೀನಿಗೆ ಅದು ನೇರವಾಗಿ ಮುಟ್ಟುತ್ತದೆ.

ಎಲ್ಲ ಮೀನೂ ಓಡಿಹೋಗುತ್ತದೆ ಅನ್ನುವುದೂ ನಿಜವಲ್ಲ. ಬೆಲ್ಜಿಯಂನಲ್ಲಿ ಟ್ಯಾಗ್ ಹಾಕಿದ ಕಾಡ್‌ಗಳು, ಕೆಲವು ಕಿಲೋಮೀಟರ್ ಆಚೆ ಕಂಬ ಹೊಡೆಯುತ್ತಿದ್ದಾಗಲೂ ಜಾಗ ಬಿಡಲಿಲ್ಲ. ಬುಡದ ಕಲ್ಲುಗಳಿಗೆ ಇನ್ನಷ್ಟು ಹತ್ತಿರ ಸರಿದವು. ಉಳಿದಿವೆ ಅಂದ ಮಾತ್ರಕ್ಕೆ ನೆಮ್ಮದಿಯಾಗಿವೆ ಅಂತಲ್ಲ.

ಮರಿ ಮಾಡುವ ಕಾಲದಲ್ಲಿ ಚಿಂತೆ ಇನ್ನೂ ಹೆಚ್ಚು. ಗಂಡು ಕಾಡ್ ತನ್ನ ಗಾಳಿಚೀಲದ ಸುತ್ತಲಿನ ಸ್ನಾಯು ಬಡಿದು ಗುರುಗುಟ್ಟಿ ಹೆಣ್ಣನ್ನು ಕರೆಯುತ್ತದೆ. ಹ್ಯಾಡಕ್ ಕೂಡ ಹಾಗೇ ಸದ್ದು ಮಾಡುತ್ತದೆ. ಆ ತಗ್ಗು ಸ್ವರ ಸುತ್ತಿಗೆಯ ಸದ್ದಿನಲ್ಲಿ ಮುಳುಗಿಹೋದರೆ ಕರೆ ಮುಟ್ಟುವುದೇ ಇಲ್ಲ.

ಸದ್ದು ಕಡಿಮೆ ಮಾಡಲು ದಾರಿ ಇಲ್ಲವೇ?

ಇದೆ. ಕಂಬದ ಸುತ್ತ ತಳದಲ್ಲಿ ತೂತು ಕೊಳವೆ ಹಾಸಿ, ಗಾಳಿ ತುಂಬಿ, ಗುಳ್ಳೆಗಳ ಪರದೆ ಎಬ್ಬಿಸುತ್ತಾರೆ. ನೀರಲ್ಲಿ ಹೋಗುವ ಸದ್ದು ಅದರಿಂದ ಚೆನ್ನಾಗಿ ತಗ್ಗುತ್ತದೆ. ನೆಲದೊಳಗಿಂದ ಹೋಗುವ ಅದುರಾಟ ಮಾತ್ರ ಪರದೆಯ ಅಡಿಯಿಂದ ನುಸುಳಿಕೊಂಡು ಹೋಗಬಲ್ಲದು. ಮೆಲ್ಲಗೆ ಶುರುಮಾಡಿ ಏಟಿನ ಬಲ ಏರಿಸುತ್ತಾ ಹೋಗುವ ಪದ್ಧತಿಯೂ ಇದೆ. ಈಜಿ ಹೋಗಬಲ್ಲ ಮೀನಿಗೆ ಅದು ಉಪಯೋಗ, ಮೊಟ್ಟೆ ಮತ್ತು ಮರಿಗಲ್ಲ. ಸುತ್ತಿಗೆಯೇ ಬೇಡದ ಅಡಿಪಾಯಗಳೂ ಬಂದಿವೆ. ಭಾರದಿಂದಲೇ ಕೂರುವ ಕಾಂಕ್ರೀಟ್ ಬುಡ ಒಂದು. ಒಳಗಿನ ನೀರು ಹೀರಿ ತೆಗೆದು ನೆಲಕ್ಕೆ ಕಚ್ಚಿಸುವ ಉಕ್ಕಿನ ಬಕೆಟ್ ಇನ್ನೊಂದು.

ಜರ್ಮನಿಯಲ್ಲಿ 750 ಮೀಟರ್ ದೂರದಲ್ಲಿ ಒಂದು ಏಟಿನ ಸದ್ದು 160 ಡೆಸಿಬೆಲ್ ಮೀರಬಾರದು ಅನ್ನುವ ಮಿತಿ ಇದೆ. ಒಳ್ಳೆಯದೇ. ಆದರೆ ಅದನ್ನು ಬರೆದದ್ದು ಪಾರ್ಪಾಯಿಸ್ ಅನ್ನುವ ಪುಟ್ಟ ಹಲ್ಲುತಿಮಿಂಗಿಲಗಳನ್ನು ಮನಸ್ಸಲ್ಲಿಟ್ಟುಕೊಂಡು. ನೆಲದ ಅದುರಾಟಕ್ಕೂ ಮಿತಿ ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಟರ್ಬೈನ್ ತಿರುಗುವಾಗ ಆಗುವ ಸದ್ದು?

ಕಂಬ ಹೊಡೆಯುವ ಸದ್ದಿಗೆ ಹೋಲಿಸಿದರೆ ತೀರಾ ಚಿಕ್ಕದು. ಆದರೆ ಅದು ಎರಡು ಮೂರು ದಶಕ ಬಿಡದೆ ಇರುತ್ತದೆ. ಅಷ್ಟಾದರೂ ಮೀನುಗಳು ಕಂಬಕ್ಕೆ ಅಂಟಿಕೊಂಡೇ ಮೇಯುತ್ತವೆ ಅನ್ನುವುದು ಹಲವು ಕಡೆ ಕಂಡಿರುವ ಸಂಗತಿ.

ತಳದಲ್ಲಿ ಹೂತ ಕೇಬಲ್‌ಗಳಿಂದ ತೊಂದರೆಯೇ?

ಕರೆಂಟ್ ಹರಿಯುವ ಕೇಬಲ್ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಕೇಬಲ್ಲಿನ ಹೊದಿಕೆ ವಿದ್ಯುತ್ ಕ್ಷೇತ್ರವನ್ನು ಒಳಗೇ ತಡೆಯುತ್ತದೆ, ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಆ ಕಾಂತಕ್ಷೇತ್ರದಲ್ಲಿ ನೀರು ಹರಿದಾಗ, ಮೀನು ಈಜಿದಾಗ ಸಣ್ಣ ವಿದ್ಯುತ್ ಕ್ಷೇತ್ರ ಮತ್ತೆ ಹುಟ್ಟುತ್ತದೆ. ಮಣ್ಣಲ್ಲಿ ಹೂತರೂ ಕಾಂತಕ್ಷೇತ್ರ ಕಮ್ಮಿಯಾಗುವುದಿಲ್ಲ. ಮೀನಿಗೂ ಕೇಬಲ್ಲಿಗೂ ನಡುವಿನ ದೂರ ಹೆಚ್ಚುತ್ತದೆ, ಅಷ್ಟೇ ಲಾಭ. ಕೆಲವು ಮೀಟರ್ ಆಚೆಗೆ ಕ್ಷೇತ್ರ ಬಹಳ ಕ್ಷೀಣಿಸುತ್ತದೆ.

ಮೊದಲು ಕಾಳಜಿ ಮಾಡಬೇಕಾದ್ದು ತೊರಕೆ, ಅದರಂಥದೇ ಚಪ್ಪಟೆ ಮೈಯ ಸ್ಕೇಟ್ ಮತ್ತು ಶಾರ್ಕ್‌ಗಳ ಬಗ್ಗೆ. ಮರಳಲ್ಲಿ ಅಡಗಿದ ಬೇಟೆಯನ್ನು ಅದರ ಮೈಯ ಸಣ್ಣ ವಿದ್ಯುತ್ತಿನಿಂದಲೇ ಅವು ಪತ್ತೆಹಚ್ಚುತ್ತವೆ. ಅಮೆರಿಕದ ಪೂರ್ವ ತೀರದಲ್ಲಿ, ಬಳಕೆಯಲ್ಲಿರುವ ಡಿಸಿ (ಒಂದೇ ದಿಕ್ಕಿಗೆ ಕರೆಂಟ್ ಹರಿಯುವ) ಕೇಬಲ್ ಒಂದರ ಮೇಲೆ ದೊಡ್ಡ ಪಂಜರ ಇಟ್ಟು ಪರೀಕ್ಷೆ ಮಾಡಿದರು. ಸ್ಕೇಟ್‌ಗಳ ಓಡಾಟ ಎದ್ದು ಕಾಣುವಷ್ಟು ಹೆಚ್ಚಾಯಿತು. ಏನೋ ಹುಡುಕುವ ಹಾಗೆ ಸುತ್ತಿದವು. ಲಾಬ್‌ಸ್ಟರ್‌ಗಳಲ್ಲಿ ಬದಲಾವಣೆ ಸಣ್ಣದು. ಎರಡೂ ಕೇಬಲ್ ದಾಟಿ ಹೋದವು, ಅಂದರೆ ಅದು ಗೋಡೆಯಾಗಲಿಲ್ಲ. ನಾರ್ವೆಯ ಪ್ರಯೋಗಾಲಯದಲ್ಲಿ ಹ್ಯಾಡಕ್ ಮರಿಗಳು ಕಾಂತಕ್ಷೇತ್ರದಲ್ಲಿ ನಿಧಾನವಾಗಿ ಈಜಿದವು. ಸ್ಯಾಂಡ್ ಈಲ್ ಮರಿಗಳಿಗೆ ಏನೂ ಅನ್ನಿಸಿದಂತಿಲ್ಲ.

ನನ್ನ ಮಟ್ಟಿಗೆ ಕೇಬಲ್ ಒಂದು ಮಧ್ಯಮ ಗಾತ್ರದ ಕಾಳಜಿ. ಭಯ ಹುಟ್ಟಿಸುವಷ್ಟು ದೊಡ್ಡದಲ್ಲ, ಬದಿಗೆ ತಳ್ಳುವಷ್ಟು ಚಿಕ್ಕದೂ ಅಲ್ಲ.

ಮೊಟ್ಟೆ ಇಡುವ ಜಾಗಗಳಿಗೆ ಏನಾಗುತ್ತದೆ?

ಅನೇಕ ಮೀನುಗಳ ಮೊಟ್ಟೆ ನೀರಲ್ಲಿ ತೇಲುತ್ತದೆ. ಹೆರಿಂಗ್ ಹಾಗಲ್ಲ. ಅದು ನೀರಿನ ನಡುವೆ ಬದುಕಿದರೂ ಮೊಟ್ಟೆಯನ್ನು ಜಲ್ಲಿ ನೆಲಕ್ಕೆ ಅಂಟಿಸುತ್ತದೆ. ಸ್ಕೇಟ್‌ಗಳು ಚರ್ಮದ ಚೀಲದಂಥ ಮೊಟ್ಟೆಗಳನ್ನು ತಳದಲ್ಲಿ ಬಿಡುತ್ತವೆ, ಅವು ಒಡೆಯಲು ತಿಂಗಳುಗಳೇ ಬೇಕು. ಕೇಬಲ್ ಹೂಳುವಾಗ ಏಳುವ ಕೆಸರು ಇವುಗಳ ಮೇಲೆ ಕೂತರೆ ಉಸಿರು ಕಟ್ಟುತ್ತದೆ. ಕೆಸರೇನೋ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಆದರೆ ತಪ್ಪು ದಿನಗಳಲ್ಲಿ ಎದ್ದ ಕೆಸರು ಆ ವರ್ಷದ ಮರಿಗಳನ್ನೇ ನುಂಗಬಹುದು. ಅದಕ್ಕೇ ಮೊಟ್ಟೆಯ ಕಾಲದಲ್ಲಿ ಕೆಲಸ ನಿಲ್ಲಿಸುವ ಷರತ್ತನ್ನು ಅನುಮತಿಯಲ್ಲೇ ಬರೆಸಬೇಕು. ಕಾಲ ತಪ್ಪಿಸಬಹುದು. ಸರಿಯಾದ ಜಲ್ಲಿ ನೆಲವನ್ನು ಮತ್ತೆ ಸೃಷ್ಟಿಸುವುದು ಕಷ್ಟ.

ಒಳಗೆ ಮೀನು ಹಿಡಿಯದಿದ್ದರೆ ಮೀನಿಗೆ ಲಾಭವೇ?

ತಳಕ್ಕೆ ಲಾಭ. ತಳ ಕೆರೆದುಕೊಂಡು ಹೋಗುವ ಟ್ರಾಲ್ ಬಲೆ ನಿಂತರೆ ಹುಳ, ಚಿಪ್ಪಿ, ಸೂಕ್ಷ್ಮ ಜೀವಿಗಳು ಚೇತರಿಸಿಕೊಳ್ಳಲು ಅವಕಾಶ ಸಿಗುತ್ತದೆ. ನಿಯಮ ದೇಶಕ್ಕೊಂದು ಥರ ಇದೆ. ಬೆಲ್ಜಿಯಂ ತನ್ನ ವಿಂಡ್ ಫಾರ್ಮ್‌ಗಳೊಳಗೆ ಮೀನುಗಾರಿಕೆಗೆ ಬಿಡುವುದಿಲ್ಲ. ಬ್ರಿಟನ್‌ನಲ್ಲಿ ಕಾನೂನಿನ ಅಡ್ಡಿ ಇಲ್ಲದಿದ್ದರೂ, ಬಲೆ ಕೇಬಲ್ಲಿಗೆ ಸಿಕ್ಕುವ ಭಯಕ್ಕೆ ಟ್ರಾಲರ್‌ಗಳು ಬಹಳಷ್ಟು ಕಡೆ ದೂರ ಇರುತ್ತವೆ.

ಆದರೆ ದೋಣಿಗಳು ಮಾಯವಾಗುವುದಿಲ್ಲ, ಬೇರೆ ಕಡೆ ಹೋಗುತ್ತವೆ. ಅಲ್ಲಿನ ತಳದ ಮೇಲೆ ಒತ್ತಡ ಹೆಚ್ಚುತ್ತದೆ. ಜಾಗ ಕಳೆದುಕೊಂಡ ಮೀನುಗಾರರ ಬದುಕಿನ ಪ್ರಶ್ನೆಯೂ ಇದರೊಳಗಿದೆ. ಅವರನ್ನು ನಕ್ಷೆ ಬರೆಯುವ ಮೊದಲೇ ಕೂರಿಸಿ ಕೇಳಬೇಕು. ಯಾವ ತಿಂಗಳು ಯಾವ ಮೀನು ಎಲ್ಲಿ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಹೊರಗಿನ ಜೀವಿಗಳು ಬಂದು ಸೇರಿಕೊಳ್ಳುತ್ತವಾ?

ಸೇರಿಕೊಳ್ಳುತ್ತವೆ, ಅದರಲ್ಲೂ ಅಲೆ ಬಡಿಯುವ ಮಟ್ಟದಲ್ಲಿ. ಮರಳು ಕಡಲಲ್ಲಿ ಕಾಲಿಡಲು ಜಾಗವಿಲ್ಲದ ಪೆಸಿಫಿಕ್ ಸಿಂಪಿಯಂಥ ಜೀವಿಗಳಿಗೆ ಕಂಬದಿಂದ ಕಂಬಕ್ಕೆ ದಾಟುವ ಮೆಟ್ಟಿಲು ಸಿಗುತ್ತದೆ. ತಳದ ಮೀನುಗಳಿಗೆ ಇದರ ನೇರ ಪೆಟ್ಟು ಕಡಿಮೆ.

ಗಾಳಿ ಕಡಿಮೆಯಾದರೆ ತಳಕ್ಕೂ ಅದರ ಪರಿಣಾಮ ಇದೆಯೇ?

ಟರ್ಬೈನ್ ಹಿಂದೆ ಗಾಳಿಯ ವೇಗ ತಗ್ಗುತ್ತದೆ. ಗಾಳಿ ತಗ್ಗಿದರೆ ಮೇಲಿನ ನೀರು ಕದಡುವುದೂ ತಗ್ಗುತ್ತದೆ. ಇತ್ತ ಕಂಬಗಳು ಹರಿವನ್ನು ಸೀಳಿ ನೀರನ್ನು ಕಲಕುತ್ತವೆ. ಎರಡೂ ಸೇರಿ ಸಸ್ಯ ಪ್ಲವಕಗಳು, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಎಲ್ಲಿ ಎಷ್ಟು ಬೆಳೆಯುತ್ತವೆ ಅನ್ನುವುದು ಬದಲಾಗುತ್ತದೆ. ಜರ್ಮನಿಯ ಹೆರಿಯೊನ್ ಸಂಸ್ಥೆಯವರು 2022ರಲ್ಲಿ ಕಂಪ್ಯೂಟರ್ ಮಾದರಿಯಿಂದ ಉತ್ತರ ಸಮುದ್ರದ ಲೆಕ್ಕ ಹಾಕಿದರು. ದೊಡ್ಡ ಪ್ರಮಾಣದಲ್ಲಿ ಟರ್ಬೈನ್ ಬಂದರೆ ಪ್ಲವಕ ಉತ್ಪಾದನೆ ಕೆಲವೆಡೆ ಶೇ. 10ರಷ್ಟು ಹೆಚ್ಚು ಅಥವಾ ಕಡಿಮೆ ಆಗಬಹುದು, ಕೆಲವು ತಗ್ಗುಗಳ ತಳದಲ್ಲಿ ಆಮ್ಲಜನಕ ಇಳಿಯಬಹುದು ಅಂತ ಬಂತು. ತಳದ ಮೀನಿಗೆ ಆಮ್ಲಜನಕವೇ ಜೀವ. ಹಾಗಾಗಿ ಒಂದೊಂದು ವಿಂಡ್ ಫಾರ್ಮ್‌ಗೆ ಬೇರೆ ಬೇರೆ ವರದಿ ಮಾಡಿ ಮುಗಿಸದೆ, ಇಡೀ ಕಡಲಿನ ಲೆಕ್ಕ ಒಟ್ಟಿಗೆ ಹಾಕಬೇಕು.

ತೇಲುವ ಟರ್ಬೈನ್ ಆದರೆ ತಳಕ್ಕೆ ತೊಂದರೆ ಇಲ್ಲ ಅಲ್ವಾ?

ಕಡಿಮೆ, ಆದರೆ ಇಲ್ಲವೆಂದಲ್ಲ. ಸ್ಕಾಟ್ಲೆಂಡ್‌ನ ಹೈವಿಂಡ್ 2017ರಲ್ಲಿ ಶುರುವಾಯಿತು, ಐದು ತೇಲುವ ಟರ್ಬೈನ್‌ಗಳು. ಅಲ್ಲಿ ಕಂಬ ಬಡಿಯುವ ಕೆಲಸವೇ ಇರಲಿಲ್ಲ, ಲಂಗರುಗಳನ್ನು ಹೀರುವ ವಿಧಾನದಿಂದ ನೆಲಕ್ಕೆ ಇಳಿಸಿದರು. ಆದರೆ ತಳದ ಮೇಲೆ ಬಿದ್ದಿರುವ ಲಂಗರು ಸರಪಳಿ ಅಲೆಯ ಜೊತೆ ಎದ್ದು ಬಿದ್ದು ನೆಲ ಸವರುತ್ತದೆ. ಆಳದ ನಿಧಾನ ಬೆಳವಣಿಗೆಯ ಹವಳ, ಸ್ಪಂಜು ಇರುವ ಕಡೆ ಅದು ಸಣ್ಣ ಮಾತಲ್ಲ.

ಪರಿಸರ ವರದಿ ಕೈಗೆ ಬಂದರೆ ಏನು ನೋಡಬೇಕು?

ಕಟ್ಟುವ ಮೊದಲು ಕನಿಷ್ಠ ಎರಡು ಮೂರು ವರ್ಷ ಮೀನು ಎಣಿಸಿದ್ದಾರಾ ನೋಡಿ. ಟರ್ಬೈನ್ ಇಲ್ಲದ, ಆದರೆ ಅದೇ ಥರದ ತಳ ಇರುವ ಇನ್ನೊಂದು ಜಾಗವನ್ನೂ ಜೊತೆಜೊತೆಗೆ ಎಣಿಸಿದ್ದಾರಾ ನೋಡಿ. ಇವೆರಡೂ ಇಲ್ಲದ ವರದಿಯಿಂದ ಹೆಚ್ಚೇನೂ ಗೊತ್ತಾಗದು.

ಬ್ಲಾಕ್ ಐಲ್ಯಾಂಡ್ ಇದಕ್ಕೆ ಒಳ್ಳೆಯ ಮಾದರಿ. ಐದೇ ಟರ್ಬೈನ್. 2016ರ ಡಿಸೆಂಬರ್‌ನಲ್ಲಿ ವಿದ್ಯುತ್ ಕೊಡಲು ಶುರುಮಾಡಿತು. ಕಟ್ಟುವ ಮೊದಲಿಂದ ಹಿಡಿದು ಏಳು ವರ್ಷ ಟ್ರಾಲ್ ಬಲೆಯಿಂದ ಮೀನು ಎಣಿಸಿದರು, ಹೋಲಿಕೆಗೆ ಪಕ್ಕದ ಜಾಗಗಳನ್ನೂ ಇಟ್ಟುಕೊಂಡರು. ಬ್ಲ್ಯಾಕ್ ಸೀ ಬಾಸ್ ಟರ್ಬೈನ್ ಬಳಿ ಹೆಚ್ಚಾಯಿತು. ಆ ಮೀನು ಕಡಲು ಬಿಸಿಯಾದಂತೆ ಉತ್ತರಕ್ಕೆ ಸರಿಯುತ್ತಲೂ ಇದೆ. ಹೋಲಿಕೆಯ ಜಾಗ ಇಲ್ಲದಿದ್ದರೆ ಯಾವುದು ಟರ್ಬೈನ್‌ನಿಂದ, ಯಾವುದು ಬಿಸಿಯಿಂದ ಅಂತ ಬಿಡಿಸುವುದೇ ಆಗುತ್ತಿರಲಿಲ್ಲ. ಉಳಿದ ಹೆಚ್ಚಿನ ತಳದ ಮೀನುಗಳಲ್ಲಿ ಹೇಳಿಕೊಳ್ಳುವಂಥ ಕೇಡು ಕಾಣಲಿಲ್ಲ.

ಇನ್ನೊಂದು ವಿಷಯ. ಈ ತಿಳಿವಳಿಕೆಯ ಬಹುಪಾಲು ಬಂದದ್ದು ತಂಪು, ಮರಳು ತಳದ ಕಡಲುಗಳಿಂದ. ಉಷ್ಣವಲಯದ ಕಡಲಲ್ಲಿ ಮೀನಿನ ಜಾತಿಗಳು ಬೇರೆ, ಮೊಟ್ಟೆಯ ಕಾಲ ಬೇರೆ, ತಳದಲ್ಲಿ ಹವಳ ಮತ್ತು ಕಡಲಹುಲ್ಲು ಇರುತ್ತದೆ. ಅಲ್ಲಿಗೆ ಉತ್ತರ ಸಮುದ್ರದ ಉತ್ತರವನ್ನೇ ನಕಲು ಮಾಡಿ ಅಂಟಿಸಿದ ವರದಿಯನ್ನು ಒಪ್ಪಬೇಡಿ.

ಟರ್ಬೈನ್‌ನ ಆಯಸ್ಸು ಮುಗಿದ ಮೇಲೆ?

ವಿಂಡೆಬಿಯ 11 ಟರ್ಬೈನ್‌ಗಳನ್ನು 2017ರಲ್ಲಿ ತೆಗೆದರು. ಈಗಿನ ಉಕ್ಕಿನ ಕಂಬಗಳನ್ನು ಸಾಮಾನ್ಯವಾಗಿ ನೆಲಮಟ್ಟಕ್ಕಿಂತ ಕೆಳಗೆ ಕತ್ತರಿಸಿ ಒಯ್ಯುತ್ತಾರೆ. ಕಗ್ಗಂಟು ಇರುವುದು ಬುಡದ ಕಲ್ಲಿನಲ್ಲಿ. 25 ವರ್ಷ ಅದರ ಸಂದಿಗಳಲ್ಲಿ ಬದುಕು ಕಟ್ಟಿಕೊಂಡ ಏಡಿ, ಮೀನು, ಚಿಪ್ಪಿಗಳನ್ನು ಎತ್ತಿ ಹಾಕಬೇಕೇ?

ಇದಕ್ಕೆ ಒಂದೇ ನಿಯಮ ಮಾಡಬಾರದು ಅನ್ನುವುದು ನನ್ನ ನಿಲುವು. ಉತ್ತರ ಸಮುದ್ರದಲ್ಲಿ ಒಂದು ಕಾಲಕ್ಕೆ ಸಿಂಪಿಗಳ ಭಾರಿ ದಿಬ್ಬಗಳಿದ್ದವು. ಅತಿಯಾಗಿ ಬಾಚಿ ಬಾಚಿ ಅವು ಬಹುತೇಕ ಅಳಿದವು. ಈಗ ನೆದರ್‌ಲೆಂಡ್ಸ್‌ನ ಕೆಲವು ವಿಂಡ್ ಫಾರ್ಮ್‌ಗಳೊಳಗೆ ಅದೇ ಚಪ್ಪಟೆ ಸಿಂಪಿಯನ್ನು ಮತ್ತೆ ನೆಲೆಗೊಳಿಸುವ ಪ್ರಯತ್ನ ನಡೆಯುತ್ತಿದೆ. ಅಂಥ ಕಡೆ ಸಿಂಪಿ ಹಿಡಿದ ಕಲ್ಲನ್ನು ಬಿಡುವುದೇ ಒಳ್ಳೆಯದು. ಸ್ಯಾಂಡ್ ಈಲ್‌ನ ಮರಳಿನ ಮೇಲೆ ಸುರಿದ ಕಲ್ಲಾದರೆ ತೆಗೆದು ಮರಳನ್ನು ಅದಕ್ಕೇ ಬಿಟ್ಟುಕೊಡಬೇಕು. ಯಾವುದು ಯಾವ ಥರದ ಜಾಗ ಅನ್ನುವುದನ್ನು ಮೊದಲ ಕಂಬ ಇಳಿಯುವ ಮುಂಚಿನ ಸಮೀಕ್ಷೆಯಲ್ಲೇ ಬರೆದಿಟ್ಟಿರಬೇಕು. ತೆಗೆಯುವ ಖರ್ಚಿನ ಹಣವನ್ನೂ ಆಗಲೇ ಎತ್ತಿಡಿಸಬೇಕು.